ಮಡಚಿಟ್ಟ ತುದಿ

ಅಪ್ಪಾ,

ಇವತ್ತು ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವಾಗ ಬೈಂಡರ್ ಅಣ್ಣ ಅಂಗೈ ಕುಯ್ದುಕೊಂಡರು. ಯಾರಿಗೂ ಕೈಕಾಲೇ ಆಡಲಿಲ್ಲ. ನೀನು ಹೋದಾಗಿನಿಂದ ನಾನು ಹೊತ್ತು ತಿರುಗುತ್ತಿದ್ದ ನಿನ್ನ ಹಳೇ ಕನ್ನಡಕದ ಡಬ್ಬಿಯನ್ನು ಮೊದಲ ಸಲ ತೆರೆದೆ. ಕನ್ನಡಕದ ಜಾಗದಲ್ಲಿ ಬ್ಯಾಂಡೇಜ್ ಬಟ್ಟೆ, ಪ್ಲಾಸ್ಟರ್ ಸುರುಳಿ, ಪುಟ್ಟ ಕತ್ತರಿ, ಎಲ್ಲ ನೀನಿಟ್ಟ ಹಾಗೇ ಇತ್ತು.

ಬಟ್ಟೆ ಇಟ್ಟು ಒತ್ತಿ ಹಿಡಿದೆ.

"ನಿಲ್ತಾನೇ ಇಲ್ವಲ್ಲಮ್ಮಾ," ಅಂದರು.

ಇನ್ನೊಂದು ಬಟ್ಟೆ ಇಟ್ಟು ಇನ್ನೂ ಬಿಗಿಯಾಗಿ ಒತ್ತಿದೆ. ಪ್ಲಾಸ್ಟರ್ ಹಿಡಿದ ಕೈ ರಕ್ತಕ್ಕೆ ಜಾರುತ್ತಿತ್ತು. ಆದರೂ ಸುರುಳಿ ತುದಿಗಾಗಿ ಹುಡುಕಾಡಿಸದೆ ಬಿಚ್ಚಿಕೊಂಡಿತು. ತುದಿಯನ್ನು ನೀನು ಮಡಚಿಟ್ಟಿದ್ದೆ. ಹಾಗೆ ಮಡಚುವಾಗೆಲ್ಲ "ಶುರುವಾಯ್ತು ಡಾಕ್ಟರ್ ಸಾಹೇಬರದ್ದು" ಅಂತ ನಗುತ್ತಿದ್ದೆನಲ್ಲ.

ರಕ್ತ ನಿಂತಿತು. ಅಣ್ಣನನ್ನು ಆಸ್ಪತ್ರೆಗೆ ಕಳಿಸಿ, ಹೊಸ ಪ್ಲಾಸ್ಟರ್ ತಂದು, ತುದಿ ಮಡಚಿ ಡಬ್ಬಿಗೆ ಹಾಕಿದೆ. ನೀನು ಮಡಚಿದ್ದ ತುದಿ ಅವರ ಕೈಮೇಲೆ ಹೋಯಿತು. ಆಸ್ಪತ್ರೆಯಲ್ಲಿ ಬಿಚ್ಚಿದರೆ ಅದನ್ನ ಎಸೀಬೇಡಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ.