ಮೆರವಣಿಗೆಯಲ್ಲಿ ಭಾವನ ದನಿ

ರೋಮ್, ದನದ ಸಂತೆಯ ಬೀದಿ

ಅಕ್ಕಾ,

ಅಳು ನಿಲ್ಲಿಸಿ ಓದು. ನಿನ್ನ ಗಂಡ ಸತ್ತಿಲ್ಲ! ಸ್ಟಾಟಿಯಸ್ ಭಾವ ಮ್ಯಾಸಿಡೋನಿಯದ ಯುದ್ಧದಲ್ಲಿ ಹೋದರೆಂದು ಊರಿಗೆಲ್ಲ ಸಾರಿದ ಆ ಉಣ್ಣೆ ವ್ಯಾಪಾರಿಯ ಬಾಯಿಗೆ ಮಣ್ಣು ಹಾಕ.

ನಿನ್ನೆ ಗೆದ್ದ ಸೈನ್ಯದ ಮೆರವಣಿಗೆ. ಮುಂದೆ ದಳಪತಿಯ ರಥ, ಹಿಂದೆ ಅವನನ್ನೇ ಆಡಿಕೊಂಡು ಹಾಡುವ ಸಿಪಾಯಿಗಳು. ಅವನು ಸಿಟ್ಟಾಗುವಂತಿಲ್ಲ, ಗೆದ್ದವನಿಗೆ ದೃಷ್ಟಿ ತಾಗದಿರಲೆಂದೇ ಈ ಅಣಕ. ಎಲ್ಲರಿಗೂ ಗಡ್ಡ, ಎಲ್ಲರ ತಲೆಗೂ ಒಂದೇ ಥರದ ಎಲೆಮಾಲೆ. ಭಾವನನ್ನು ಹುಡುಕಿ ನನ್ನ ಕಣ್ಣು ಸೋತವು. ಆಗ ಕೇಳಿಸಿತು:

"ಗಾಡಿ ತುಂಬ ತಂದ ನಮ್ಮ ದಣಿ ಚಿನ್ನ ಚಿನ್ನ,
ನಮಗೆ ಕೊಟ್ಟ ಗೋಧಿ ಗಂಜಿ ದಿನಾ ದಿನಾ ದಿನ!"

ಶ್ರುತಿಯಿಲ್ಲ, ತಾಳವಿಲ್ಲ. ಪಕ್ಕದಲ್ಲಿದ್ದ ಮೀನು ಮಾರುವಾಕೆ, "ಅಯ್ಯೋ, ಯಾರಪ್ಪ ಅದು ಕತ್ತೆ ಅರಚಿದಂಗೆ?" ಎಂದಳು.

"ನಮ್ ಭಾವ ಕಣಮ್ಮಾ, ನಮ್ ಭಾವ!" ಎಂದು ಅವಳನ್ನೇ ತಬ್ಬಿಕೊಂಡೆ. ಅಂಗಿ ಇನ್ನೂ ಮೀನು ನಾರುತ್ತಿದೆ.

ಭಾವನ ಎಡಗಾಲಿನ ಎರಡು ಬೆರಳು ಹೋಗಿವೆ, ಹಸಿವು ಮಾತ್ರ ಹೋಗಿಲ್ಲ. ಹಂದಿಮಾಂಸ ಬೇಯಿಸಿಡು. ನಮ್ಮ ಪದ್ಧತಿ ಗೊತ್ತಲ್ಲ, ಸತ್ತನೆಂದು ಸುದ್ದಿಯಾದವನು ಬಾಗಿಲಿನಿಂದ ಮನೆಯೊಳಗೆ ಬರುವಂತಿಲ್ಲ, ಸೂರಿನಿಂದಲೇ ಇಳಿಯಬೇಕಲ್ಲ. ಗಟ್ಟಿ ಏಣಿಯೊಂದನ್ನು ಹಾಕಿಸಿಡು.

ಈ ಓಲೆ ಬರೆದ ಮೇಣದ ಹಲಗೆ ಒಯ್ಯುವ ಗಾಡಿಯವನು ಹೊರಟು ನಿಂತಿದ್ದಾನೆ. ಭಾವ ಪಕ್ಕದಲ್ಲೇ ಕೂತು, "ಲೋ, ನಿಮ್ಮಕ್ಕನ ಮೇಲೂ ಒಂದು ಹಾಡು ಕಟ್ಟಿದೀನಿ, ಸೂರಿನ ಮೇಲೆ ನಿಂತೇ ಹಾಡ್ತೀನಿ ಅಂತ ಬರಿ" ಎನ್ನುತ್ತಿದ್ದಾರೆ.

ಊರೆಲ್ಲ ಕೇಳಿಸಿಕೊಳ್ಳಲಿ. ನೀನು ಮಾತ್ರ ಮೊದಲಿನ ಹಾಗೆ ಕಿವಿ ಮುಚ್ಚಿಕೊಳ್ಳಬೇಡ.

ನಿನ್ನ ತಮ್ಮ,
ವಿಬಿಯಸ್