ಒಲ್ಲೆ ಎನ್ನುವವರ ಊರಿನಿಂದ

ಗಾಳಿಗೇರಿ, ಹದಿಮೂರನೆಯ ತಿಂಗಳ ನಾಲ್ಕು, ಕ್ರಿ.ಶ. 2461

ನಾನು ಹುಟ್ಟುವ ಮೊದಲೇ ನನ್ನನ್ನು ಓದುತ್ತಿರುವ ಹಿರಿಯರೇ,

ತಾರೀಕು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದಾಗ ನಮ್ಮವರು ಇನ್ನೊಂದು ತಿಂಗಳನ್ನು ಸೇರಿಸಿಕೊಂಡರು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ, ಅದರಲ್ಲಿ ನಿಮ್ಮ ಪಾಲೂ ಇದೆ.

ನಾನು ಚೆನ್ನಬಸವ್ವ, ಈ ಊರಿನ ಮುಂದಾಳು. ನಮ್ಮ ನೆಲದಡಿ ಹಳೆಯ ಗಣಿಗಳ ಪೊಳ್ಳಿದೆ. ಮಳೆ ಹಿಡಿಯುವ ಮೊದಲು ಊರು ಬಿಡದಿದ್ದರೆ ಮನೆಗಳು ಜನರ ಸಮೇತ ಕುಸಿಯುತ್ತವೆ. ತಾನು ಕಟ್ಟಿಸಿದ ಹೊಸ ಊರಿಗೆ ಹೋಗಲು ಜನರನ್ನು ಒಪ್ಪಿಸಲೆಂದು ನಾಡನ್ನಾಳುವ ಮಹಾಸಭೆ ನನಗೊಂದು ಸವಿಗೊರಳು ಯಂತ್ರ ಕಳಿಸಿತು. ಅದನ್ನು ಕೊರಳಿಗೆ ಕಟ್ಟಿಕೊಂಡು ಮಾತಾಡಿದರೆ ಪ್ರತಿಯೊಬ್ಬರಿಗೂ ತಮಗೆ ಅತಿ ಪ್ರಿಯರಾದವರ ದನಿಯೇ ಕೇಳಿಸುತ್ತದೆ, ಒಬ್ಬನಿಗೆ ಸತ್ತ ತಾಯಿ, ಇನ್ನೊಬ್ಬಳಿಗೆ ದೂರದ ಮಗಳು. ಅದಕ್ಕೆ ಪಾಠ ಹೇಳಿಕೊಟ್ಟವರು ನೀವೇ. ಹೆಸರು ಹಿಡಿದು ಕರೆ, ಕೇಳುವವನು ಕೈ ಕಟ್ಟಿದರೆ ನೀನೂ ಕಟ್ಟು, ಮೊದಲು ಚಿಕ್ಕದೊಂದು ಹೂಂ ಹೊರಡಿಸು, ದೊಡ್ಡದು ತಾನಾಗಿ ಬರುತ್ತದೆ! ನಿಮ್ಮ ನಾಯಕತ್ವ ಶಿಬಿರಗಳಲ್ಲಿ ಕಾಫಿ ಬಿಸ್ಕತ್ತಿನ ಜೊತೆ ಹಂಚಿದ ಜಾಣತನವೆಲ್ಲ ಅದರ ಹೊಟ್ಟೆಯಲ್ಲಿದೆ.

ನಾನು ಅದನ್ನು ಕಟ್ಟಿಕೊಳ್ಳಲಿಲ್ಲ. ನಮ್ಮ ಪದ್ಧತಿ ಎದುರೊಪ್ಪು. ಏನನ್ನಾದರೂ ಕೇಳುವವರು ಮೊದಲು ಒಲ್ಲೆ ಎನ್ನುವವರ ವಾದವನ್ನು ಅವರೆದುರೇ ಮಂಡಿಸಬೇಕು. ಇದು ನನ್ನ ಮಾತೇ ಎಂದು ಅವರು ಒಪ್ಪಿದ ಮೇಲಷ್ಟೇ ತಮ್ಮ ಮಾತು ಎತ್ತಬಹುದು. ಇಲ್ಲವಾದರೆ ತೆಪ್ಪಗೆ ಕೂರಬೇಕು.

ಒಲ್ಲೆ ಎಂದವರಲ್ಲಿ ಮೊದಲಿಗಳು ಫಕೀರವ್ವ. ಮುಂದಾಳುತನಕ್ಕೆ ನನ್ನೆದುರು ನಿಂತು ಸೋತವಳು, ಇವತ್ತಿಗೂ ನನ್ನ ಮುಖ ಕಂಡರೆ ಮೂಗು ಮುರಿಯುತ್ತಾಳೆ. ಗಂಡನ ಸಮಾಧಿ ಬಿಟ್ಟು ಬರಲಾರಳು ಎಂದುಕೊಂಡು ಊರ ಕೂಟದಲ್ಲಿ ಅದರ ಬಗ್ಗೆ ಮನ ಕರಗುವಂತೆ ಮಾತಾಡಿದೆ. ಕೆಲವರು ಕಣ್ಣೊರೆಸಿಕೊಂಡರು. ಅವಳು ಎದ್ದು ನಿಂತಳು.

"ಸತ್ತಾಂವ ಎಲ್ಲಿ ಓಡಿ ಹೊಕ್ಕಾನ, ಸುಮ್ನ ಕುಂದರ ಯವ್ವಾ! ಮಹಾಸಭಾದವ್ರ ಹೊಸಾ ಊರಾಗ ಗ್ವಾಡಿ ಸೈತ ಸವಿಗೊರಳಿಲೇ ಮಾತಾಡ್ತಾವಂತ. ಅಲ್ಲಿ ಹೋದ ಮ್ಯಾಲ ಒಲ್ಲೆ ಅನ್ನಾಕ ನನಗ ಬಾಯಿ ಎಲ್ಲಿ ಉಳಿತೈತಿ?"

ನಾನು ಕುಳಿತೆ. ಮರುದಿನ ಅದೇ ಮಾತನ್ನು ಅವಳೆದುರು ಹೇಳಿದೆ, ಅವಳು ಹೌದೆಂದು ತಲೆಯಾಡಿಸಿದಳು. ಹಾಗಾದರೆ ಆ ಊರು ಬೇಡ, ಬಡಗಣ ಗುಡ್ಡಕ್ಕೆ ಹೋಗೋಣ, ಅಲ್ಲಿ ನಳವಿಲ್ಲ, ದೀಪವಿಲ್ಲ, ನಮ್ಮ ಕೈಯಿಂದಲೇ ಎಲ್ಲ ಆಗಬೇಕು ಎಂದೆ. ಏನನ್ನೂ ಮುಚ್ಚಿಡಲಿಲ್ಲ. ಊರವರು ಬಹಳ ಹೊತ್ತು ಜಗಳವಾಡಿದರು, ಆಮೇಲೆ ಒಪ್ಪಿದರು.

ಅದಕ್ಕೇ ಈಗ ಮಹಾಸಭೆ ನನ್ನನ್ನು ಮುಂದಾಳುತನದಿಂದ ಕೆಳಗಿಳಿಸಿದೆ. ಗುಡ್ಡ ಹತ್ತಿದವರಿಗೆ ನೀರು ಕೊಡುವುದಿಲ್ಲವಂತೆ. ಕೊಡದಿರಲಿ, ಬಾವಿ ತೋಡುತ್ತೇವೆ. ಭಯವಿದೆ, ಸುಳ್ಳು ಹೇಳುವುದಿಲ್ಲ. ಆದರೂ ನಾಳೆ ಹೊರಡುತ್ತೇವೆ.

ನಿಮ್ಮಲ್ಲಿ ಕೇಳುವುದು ಇಷ್ಟೇ. ನಿಮ್ಮ ಮುಂದೆ ನಿಂತು ಯಾರಾದರೂ ಸವಿಯಾಗಿ ಮಾತಾಡಿದಾಗ ಚಪ್ಪಾಳೆ ತಟ್ಟುವ ಮೊದಲು, ನಿಮ್ಮ ಒಲ್ಲೆಯನ್ನು ಅವರ ಬಾಯಿಂದಲೇ ಹೇಳಿಸಿ. ಹೇಳಲಾರದವರ ಹಿಂದೆ ಒಂದು ಹೆಜ್ಜೆಯನ್ನೂ ಇಡಬೇಡಿ. ಅವರು ಊರು ಉಳಿಸುತ್ತೇನೆಂದರೂ ಸರಿ, ಅವರು ನಾನೇ ಆಗಿದ್ದರೂ ಸರಿ.

ಚೆನ್ನಬಸವ್ವ