ಎರಡು ಮುಷ್ಟಿ ಅಕ್ಕಿ

ಬಸ್ರೂರು
8-8-1961

ಪೂಜ್ಯ ಪಾದ್ರಿ ಅಯ್ಯನವರಿಗೆ ವಂದನೆಗಳು.

ನಮ್ಮವರಿಗೆ ಜ್ವರ ಬಿಟ್ಟಿದೆ. ನಿನ್ನೆ ಆಸ್ಪತ್ರೆಯಿಂದ ಮನೆಗೆ ಬಂದರು.

ದೇವರಿಗೆಂದು ದಿನಾ ಒಂದು ಮುಷ್ಟಿ ಅಕ್ಕಿ ತೆಗೆದಿಡುವ ಮಡಕೆಯಿಂದಲೇ ಒಂದು ತಿಂಗಳಿಡೀ ಗಂಜಿಗೆ ತೆಗೆದರೂ ಅದು ಬರಿದಾಗಲಿಲ್ಲ, ಅದ್ಭುತ ನಡೆದಿದೆ ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದೆ. ದಯವಿಟ್ಟು ಅದನ್ನು ಭಾನುವಾರ ಸಭೆಯಲ್ಲಿ ಹೇಳಬೇಡಿ. ನನ್ನ ಅತ್ತೆ ಮಂಜಯ್ಯನವರ ಮನೆಯಲ್ಲಿ ಭತ್ತ ಕುಟ್ಟಿ, ಕೊಟ್ಟ ಅಕ್ಕಿಯನ್ನು ಸೆರಗಿನಲ್ಲಿ ತಂದು ತುಂಬುತ್ತಿದ್ದರು. ನಿನ್ನೆ ಕಣ್ಣಾರೆ ಕಂಡೆ. ನನ್ನ ನಂಬಿಕೆ ಕಡಿಮೆಯಾಯಿತೆಂದು ಮಾತ್ರ ತಿಳಿಯಬೇಡಿ.

ಇಂದು ಮಡಕೆಗೆ ಎರಡು ಮುಷ್ಟಿ ಹಾಕಿದೆ.

“ಎರ್ಡ್ ಎಂತಕೆ ಮಾರಾಯ್ತಿ?” ಎಂದರು ಅತ್ತೆ.

“ಒಂದ್ ನಿಮ್ದ್” ಎಂದೆ.

ಅವರು ಒಲೆಯ ಕಡೆ ತಿರುಗಿ, ಚೆನ್ನಾಗಿ ಉರಿಯುತ್ತಿದ್ದ ಬೆಂಕಿಯನ್ನೇ ಊದತೊಡಗಿದರು.

ಇತಿ ನಿಮ್ಮ ಸಭೆಯ ಮಗಳು,
ಸ್ವರ್ಣಲತಾ ಪ್ರೇಮಾನಂದ